ಕಾರಿಗೆ ಹಬ್ಬಿದ ಸೋರೆಬಳ್ಳಿ

"ಮತ್ತೆ ಕೆದಕ್ತಿದೀರಾ?"

ಅಡುಗೆಮನೆ ಕಿಟಕಿಯಿಂದ ರೂಪ ಕೂಗಿದಾಗ ಮುನಿರಾಜನ ತೋರುಬೆರಳು ಎರಡು ಗೆಣ್ಣಿನವರೆಗೂ ಮಣ್ಣಿನೊಳಗಿತ್ತು.

"ಕೆದಕ್ತಿಲ್ಲ ಕಣೆ. ಬಂತಾ ಅಂತ ನೋಡ್ತಿದೀನಿ."

"ನಿನ್ನೆ ನೋಡಿದ್ರಿ, ಮೊನ್ನೆ ನೋಡಿದ್ರಿ. ದಿನಾ ಹೊದಿಕೆ ಎತ್ತಿ ನೋಡ್ತಾ ಇದ್ರೆ ಮಗು ನಿದ್ದೆ ಮಾಡುತ್ತಾ?"

ಮುನಿರಾಜ ಬೆರಳು ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ದೇವನಹಳ್ಳಿಯ ಆ ಬಡಾವಣೆಯಲ್ಲಿ ಅವನ ಮನೆಗೂ ಕಾಂಪೌಂಡಿಗೂ ನಡುವೆ ಮೂರಡಿ ಜಾಗವಿತ್ತು. ಅಲ್ಲಿದ್ದ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ ಎಲ್ಲವನ್ನೂ ಕಿತ್ತೆಸೆದು ಆರು ಸೋರೆಬೀಜ ಊರಿದ್ದ. ಹನ್ನೆರಡು ವರ್ಷ ಏರ್‌ಪೋರ್ಟಿನ ಟ್ಯಾಕ್ಸಿ ಓಡಿಸಿದವನು. ಯಾವ ಫ್ಲೈಟು ಎಷ್ಟೊತ್ತಿಗೆ ಇಳಿಯುತ್ತದೆ ಎನ್ನುವುದನ್ನು ಬೋರ್ಡು ನೋಡಿ ಹೇಳುತ್ತಿದ್ದ. ಬೀಜ ಎಷ್ಟೊತ್ತಿಗೆ ಏಳುತ್ತದೆಂದು ಹೇಳುವ ಬೋರ್ಡು ಎಲ್ಲೂ ಇರಲಿಲ್ಲವಲ್ಲ, ಹಾಗಾಗಿ ಕೆದಕಿ ಕೆದಕಿ ಐದು ಬೀಜಗಳನ್ನು ಕೈಯಾರೆ ಕೊಂದ. ಆರನೆಯದು ಬದುಕಿದ್ದು ಅವನ ಪುಣ್ಯದಿಂದಲ್ಲ. ಅದು ಎಲ್ಲಿ ಬಿದ್ದಿದೆಯೆಂದು ಅವನಿಗೆ ಮರೆತುಹೋಗಿತ್ತು, ಅಷ್ಟೇ.

ಬೀಜ ಅವನ ತಾಯಿ ಅಮ್ಮಯಮ್ಮ ಕೊಟ್ಟದ್ದು. ಬೂದಿಗೆರೆಯ ಆಚೆಗಿನ ಹಳ್ಳಿಯಲ್ಲಿ ದೊಡ್ಡಮಗ ಕಾಂತರಾಜುವಿನ ಜೊತೆ ಇರುವವಳು. ಯುಗಾದಿಗೆ ವಾರ ಮುಂಚೆ ಮುನಿರಾಜ ಅಲ್ಲಿಗೆ ಹೋಗಿ ಮುದ್ದೆ ಉಂಡು ಬಂದಿದ್ದ. ಹೊರಡುವಾಗ ಅವಳು ಬೂದಿಯಲ್ಲಿ ಹೊರಳಿಸಿಟ್ಟಿದ್ದ ಬೀಜ ಕಾಗದದಲ್ಲಿ ಕಟ್ಟಿ ಕೊಟ್ಟಳು. "ನಿನ್ ಮನೆ ಮುಂದೆ ಒಂದ್ ಹಸ್ರು ಕಡ್ಡಿ ಇಲ್ಲ, ಹಾಕ್ಲಾ" ಅಂದಳು. ಆ ಪೊಟ್ಟಣ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಉಳಿದಿತ್ತು.

ನಾಲ್ಕು ದಿನ ಕಳೆದು ಆರೋಗ್ಯ ಇಲಾಖೆಯಿಂದ ಫೋನು ಬಂತು. ಅವನ ಕಾರಿನಲ್ಲಿ ಬಂದಿದ್ದ, ವಿದೇಶದಿಂದ ಇಳಿದಿದ್ದ ಪ್ಯಾಸೆಂಜರಿಗೆ ಕೊರೊನಾ. ಆಮೇಲೆ ಎಲ್ಲೆಲ್ಲಿ ಹೋಗಿದ್ದಿರಿ ಎಂದು ಕೇಳಿದರು. ಮುನಿರಾಜ ಸುಳ್ಳು ಹೇಳುವವನಲ್ಲ. ಹೇಳಿದ. ಅವನ ಕೈಗೆ ಸೀಲು ಹೊಡೆದು ಮನೆಯೊಳಗೆ ಕೂರಿಸಿದರು, ಹಳ್ಳಿಯಲ್ಲಿ ಅವನ ತಾಯಿಯ ಮನೆಬಾಗಿಲಿಗೂ ಚೀಟಿ ಅಂಟಿಸಿದರು. ಯಾರಿಗೂ ಒಂದು ಸೀನೂ ಬರಲಿಲ್ಲ. ಆದರೆ ಊರ ಡೈರಿಯವರು ಹದಿನಾಲ್ಕು ದಿನ ಅಮ್ಮಯಮ್ಮನ ಹಾಲು ಬೇಡವೆಂದರು.

ಮೂವತ್ತು ವರ್ಷದಿಂದ ಡೈರಿಯ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ಅವಳು. ಅವಳ ಹಾಲಿಗೆ ನೀರು ತಾಗಿದೆಯೆಂದು ಯಾರೂ ಅಂದದ್ದಿಲ್ಲ. ಹಸು ಕರೆಯದೆ ಬಿಡಲಾಗುವುದಿಲ್ಲ, ಕರೆದದ್ದನ್ನು ಕೊಳ್ಳುವವರಿಲ್ಲ. ಹದಿನಾಲ್ಕು ದಿನವೂ ಹಾಲನ್ನು ತೆಂಗಿನ ಬುಡಕ್ಕೆ ಸುರಿದಳು. ಅಂದಿನಿಂದ ಅವಳು ಮುನಿರಾಜನ ಫೋನಿಗೆ ಬರಲಿಲ್ಲ.

"ಅವ್ವ ಹಸ ಹಿಡ್ಕೊಂಡ್ ಹೋಗವ್ಳೆ ಕಣಪ್ಪ" ಎನ್ನುತ್ತಿದ್ದ ಕಾಂತರಾಜು. ಮರುದಿನ, "ಅವ್ವ ಮಲ್ಗವ್ಳೆ." ಬೆಳಗ್ಗೆ ಒಂಬತ್ತಕ್ಕೆ ಮಲಗುವ ಹೆಂಗಸೇ ಅವಳು! ಒಮ್ಮೆ ಫೋನಿನ ಹಿಂದೆ ಅವಳು ಕೋಳಿಗಳನ್ನು ಬೈಯುವುದು ಸ್ಪಷ್ಟವಾಗಿ ಕೇಳಿತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಅಮ್ಮಯಮ್ಮನ ಬಂಗಾರ ಯಾರಿಗೆ ಬೇಕಿತ್ತು? ಮುನಿರಾಜನಿಗೆ ಆ ಕೋಳಿಗಳ ಮೇಲೆ ಹೊಟ್ಟೆಕಿಚ್ಚಾಯಿತು.

ಲಾಕ್‌ಡೌನಿನಲ್ಲಿ ಅವನು ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡಿದ. ನೆಟ್ಟಗಿದ್ದ ನಲ್ಲಿ ಬಿಚ್ಚಿ ಸೋರುವಂತೆ ಮಾಡಿದ. ಮಾಸ್ಕು ಹೊಲಿಯುತ್ತಿದ್ದ ರೂಪಳ ಮಿಷನ್ನಿಗೆ ಎಣ್ಣೆ ಹಾಕಲು ಹೋಗಿ ಬಟ್ಟೆಗೆಲ್ಲ ಎಣ್ಣೆ ಮಾಡಿದ. ಕೊನೆಗೆ ಅವಳೇ, "ರೀ, ನಿಮ್ಮ ದಮ್ಮಯ್ಯ, ಎಲ್ಲಾದ್ರೂ ಹೋಗಿ ಬನ್ನಿ" ಎಂದು ಕೈಮುಗಿದಳು. ಎಲ್ಲಿಗೆ ಹೋಗುವುದು? ಮಗಳು ಸಿಂಚನಳ ಸೈಕಲ್ಲಿತ್ತು, ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು, ಮುಂದೆ ಬುಟ್ಟಿಯಿರುವ ಹುಡುಗಿಯರ ಸೈಕಲ್ಲು. ತುಳಿದರೆ ಮೊಣಕಾಲು ಹ್ಯಾಂಡಲ್ಲಿಗೆ ತಾಗುತ್ತಿತ್ತು. ಪೊಲೀಸರು ಬಿಡುವ ಹೊತ್ತಿನಲ್ಲಿ ತರಕಾರಿ ಚೀಲ ನೇತುಹಾಕಿಕೊಂಡು ಕೋಟೆಯ ಸುತ್ತ ಎರಡು ಸುತ್ತು ಹೊಡೆಯುತ್ತಿದ್ದ. ಮೊದಲ ದಿನ ಮಾಸ್ಕನ್ನು ಕಣ್ಣಿನವರೆಗೂ ಏರಿಸಿಕೊಂಡಿದ್ದು ಕೊರೊನಾಕ್ಕೆ ಹೆದರಿ ಅಲ್ಲ.

ಆ ಒಂದು ಸೋರೆ ಮಾತ್ರ ಇದ್ಯಾವುದನ್ನೂ ಲೆಕ್ಕಿಸದೆ ಬೆಳೆಯಿತು. ಅವನು ಕಟ್ಟಿದ ಹಗ್ಗವನ್ನು ಮೂಸಿಯೂ ನೋಡದೆ ಬದಿಯಲ್ಲಿ ನಿಂತಿದ್ದ ಕಾರಿನ ಕಡೆ ತಿರುಗಿತು. ಕನ್ನಡಿ ಹಿಡಿಯಿತು, ಬಾಗಿಲ ಹಿಡಿಗೆ ಸುತ್ತಿಕೊಂಡಿತು, ಮೇಲಿನ ಕ್ಯಾರಿಯರ್ ಹತ್ತಿತು. ಬಿಳಿ ಹೂ ಬಿಟ್ಟು, ಮೇ ಕೊನೆಗೆ ಕ್ಯಾರಿಯರಿನ ಕಂಬಿಗೆ ಒರಗಿ ಒಂದು ಕಾಯಿ ಮೊಳದುದ್ದವಾಯಿತು.

"ಪಪ್ಪ, ಪ್ಯಾಸೆಂಜರ್ ಹತ್ತವ್ರೆ, ಮೀಟರ್ ಹಾಕು" ಎಂದಳು ಸಿಂಚನ.

ಮುನಿರಾಜ ನಗಲಿಲ್ಲ. ಕಾಯಿಯ ಮೇಲೆ ಕೈಯಾಡಿಸುತ್ತ ನಿಂತಿದ್ದ. ಚಿಕ್ಕಂದಿನಲ್ಲಿ ಅವ್ವ ಹೇಳುತ್ತಿದ್ದ ಮಾತು ನೆನಪಾಗಿತ್ತು: ಮೊದಲ ಕಾಯಿ ಮನೆಯವರು ತಿನ್ನಬಾರದು, ಬೀಜ ಕೊಟ್ಟವರ ಮನೆಗೆ ಹೋಗಬೇಕು. ಇದನ್ನು ತೆಗೆದುಕೊಂಡು ಹೋದರೆ ಅವಳು ಮಾತಾಡದೆ ಇರಲಾರಳು. ಫೋನು ಎತ್ತದಿರಬಹುದು, ಕಾಯಿ ಎತ್ತಿಕೊಳ್ಳಲೇಬೇಕಲ್ಲ!

"ಊರಿಗೆ ಮುಳ್ಳು ಹಾಕವ್ರಂತೆ, ಒಳಗೆ ಬಿಡಲ್ವಂತೆ" ಎಂದಳು ರೂಪ.

"ಬಿಡ್ದಿದ್ರೆ ಬೇಲಿ ಹತ್ರಾನೇ ಕೊಟ್ಬರ್ತೀನಿ."

"ಮಾತಾಡ್ಸಿಲ್ಲ ಅಂದ್ರೆ?"

ಮಾತಾಡಿಸದಿದ್ದರೆ ಇನ್ನು ಯಾವತ್ತೂ ಇಲ್ಲವೇನೋ ಎಂದುಕೊಂಡ ಮುನಿರಾಜ. ಕಾರಿನಲ್ಲಿ ಹೋಗುವ ಹಾಗಿರಲಿಲ್ಲ. ಬಳ್ಳಿ ಹರಿಯಬೇಕಾಗುತ್ತಿತ್ತು, ಅದೂ ಅಲ್ಲದೆ ಆ ಕಾರು ಕಂಡರೆ ಊರಿನವರು ಕಲ್ಲು ತೂರಿದರೂ ಆಶ್ಚರ್ಯವಿಲ್ಲ.

ಮರುದಿನ ಬೆಳಗ್ಗೆ ಐದೂವರೆಗೆ ಕಾಯಿ ಕೊಯ್ದು, ಟವಲಿನಲ್ಲಿ ಸುತ್ತಿ, ಸೈಕಲ್ಲಿನ ಬುಟ್ಟಿಯಲ್ಲಿ ಮಲಗಿಸಿದ. ಹದಿನೇಳು ಕಿಲೋಮೀಟರು. ಕಾರಿನಲ್ಲಿ ಹೋಗುವಾಗ ಆ ದಾರಿಯಲ್ಲಿ ಏರೇ ಇಲ್ಲವೆಂದುಕೊಂಡಿದ್ದ. ಈಗ ಪ್ರತಿ ಏರೂ ತನ್ನ ಪರಿಚಯ ಹೇಳಿಕೊಂಡಿತು. ದ್ರಾಕ್ಷಿತೋಟಗಳ ಪಕ್ಕ ಹೊಸ ಲೇಔಟುಗಳ ಕಲ್ಲುಗಳು, ಬೂದಿಗೆರೆಯಲ್ಲಿ ಅರ್ಧ ಬಾಗಿಲು ಎಳೆದ ಅಂಗಡಿಗಳು. ಎಲ್ಲೂ ನಿಲ್ಲದೆ ತುಳಿದ. ರಸ್ತೆಯುಬ್ಬು ಬಂದರೂ ಬ್ರೇಕು ಹಿಡಿಯಲಿಲ್ಲ. ಕಾಯಿ ಬುಟ್ಟಿಯಲ್ಲಿ ಎಗರಿ ಎಗರಿ ಬಿತ್ತು.

ಊರ ಮುಂದೆ ಜಾಲಿಮುಳ್ಳು ಅಡ್ಡ ಹಾಕಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೊಂಡಪ್ಪ ಕೂತಿದ್ದ. ಮುನಿರಾಜ ಹುಟ್ಟಿದಾಗಿನಿಂದ ನೋಡಿದ ಪಕ್ಕದ ಮನೆಯ ಮುದುಕ. ಅವನ ಹಿಂದೆಯೇ ಡೈರಿ. ಅದರ ಮುಂದೆ ಸುಣ್ಣದಲ್ಲಿ ಬರೆದ ಸುತ್ತುಗಳಲ್ಲಿ ಒಬ್ಬೊಬ್ಬರಾಗಿ ಕ್ಯಾನು ಹಿಡಿದು ನಿಂತಿದ್ದರು. ಮೊದಲ ಸುತ್ತಿನಲ್ಲಿ ಅಮ್ಮಯಮ್ಮ.

"ಅಲ್ಲೇ ನಿಂತ್ಕ ಮುನಿರಾಜ" ಎಂದ ಕೊಂಡಪ್ಪ. "ಬ್ಯಾಸ್ರ ಮಾಡ್ಕಬ್ಯಾಡ. ಊರಿನ ಮಾತು."

"ಒಳಗೆ ಬರಲ್ಲ ಮಾವ. ಅವ್ವನ್ಗೆ ಇದೊಂದ್ ಕೊಟ್ಟು ಹೋಗ್ತೀನಿ."

"ಆ ಚಪ್ಪಡಿ ಮ್ಯಾಲೆ ಇಟ್ಟು ಹಿಂದಕ್ಕೆ ಹೋಗು. ಆಮೇಲೆ ಅಮ್ಮಯಮ್ಮ ಬಂದು ತಗಂತಳೆ."

ಅಮ್ಮಯಮ್ಮ ಅವನನ್ನು ನೋಡಿಯೂ ಆಗಿತ್ತು. ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು ಡೈರಿಯ ಕಿಟಕಿಯ ಕಡೆ ಮುಖ ಮಾಡಿದಳು. ಮುನಿರಾಜ ಮುಳ್ಳಿನ ನಡುವಿನ ಚಪ್ಪಡಿಯ ಮೇಲೆ ಟವಲು ಬಿಡಿಸಿ ಕಾಯಿ ಇಟ್ಟು, ಎಂಟು ಹೆಜ್ಜೆ ಹಿಂದೆ ಸರಿದ.

"ಅವ್ವ, ನೀನು ಕೊಟ್ಟ ಬೀಜದ್ದು. ಮೊದಲ್ನೇದು" ಎಂದು ಕೂಗಿದ.

ಅಮ್ಮಯಮ್ಮ ತಿರುಗಿದಳು. ಕಾಯಿಯನ್ನು ನೋಡಿದಳು. ಕ್ಯಾನು ಎತ್ತಿಕೊಂಡು, ಸುತ್ತಿನಿಂದ ಹೊರಬಂದು, ದಾಪುಗಾಲು ಹಾಕಿಕೊಂಡು ಚಪ್ಪಡಿಯ ಬಳಿ ಬಂದಳು. ಬಗ್ಗಿ ಕಾಯಿಗೆ ಉಗುರು ಒತ್ತಿದಳು. ಉಗುರು ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು.

"ಅಯ್ಯೋ ಮುಂಡೇದೆ!"

ಎರಡು ತಿಂಗಳ ಮೇಲೆ ಕೇಳಿದ ಮೊದಲ ಮಾತು.

"ಮೊದಲ್ನೆ ಕಾಯಿ ಕುಯ್ದವ್ನಲ್ಲಾ ಇವ್ನು! ಅದ್ನ ಬೀಜಕ್ಕೆ ಬಿಡ್ಬೇಕು ಕಣ್ಲಾ. ಬಳ್ಳೀಲೇ ಒಣಗ್ಬೇಕು, ಅಲ್ಲಾಡ್ಸಿದ್ರೆ ಒಳಗೆ ಗಿಲಿಗಿಲಿ ಅನ್ಬೇಕು, ಆಮೇಲೆ ತರ್ಬೇಕು ಬೀಜ ಕೊಟ್ಟೋರ ಮನೆಗೆ. ಹಸೀದು ತಂದವ್ನೆ. ಇದ್ರೊಳ್ಗೆ ಬೀಜ ಎಲ್ಲೈತೆ, ಬರೀ ನೀರು!"

"ನಂಗೆ ಅಷ್ಟೇ ನೆಪ್ಪಿತ್ತು ಕಣವ್ವ..."

"ನೆಪ್ಪಂತೆ! ಕಾರಿನ ಚಕ್ರ ತಿರುಗ್ಸಿ ತಿರುಗ್ಸಿ ತಲೇನೂ ತಿರುಗೋಗೈತೆ. ನನ್ ತೌರುಮನೆ ಬೀಜ ಕಣೋ ಅದು. ನಾನು ಹಾಕಿದ್ದೆಲ್ಲಾ ಕೋಳಿ ಕೆದಕಿ ಹಾಳ್ ಮಾಡಿದ್ವು. ನಿನ್ ಹತ್ರ ಒಂದ್ ಬಳ್ಳಿ ಬದುಕೈತೆ ಅಂತ ಕಾಂತರಾಜ ಅಂದ. ಅದ್ನೇ ನಂಬ್ಕೊಂಡ್ ಕೂತಿದ್ದೆ."

ಕೋಳಿ ಕೆದಕಿದ ವಿಷಯಕ್ಕೆ ಮುನಿರಾಜ ತುಟಿ ಬಿಚ್ಚಲಿಲ್ಲ. ಅವಳು ಬೈಯುತ್ತಲೇ ಇದ್ದಳು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಅವನ ಕಣ್ಣಲ್ಲಿ ನೀರು ತುಂಬಿತು, ಮಾಸ್ಕಿನ ಒಳಗೆ ಬಾಯಿ ನಗುತ್ತಿತ್ತು. ಇನ್ನೂ ಬೈಯಲಿ, ಡೈರಿ ಮುಚ್ಚುವವರೆಗೂ ಬೈಯಲಿ ಅನ್ನಿಸಿತು.

"ಇನ್ನೊಂದ್ ಪೀಚೈತಾ ಬಳ್ಳೀಲಿ?"

"ಐತೆ ಕಣವ್ವ. ಹೆಬ್ಬೆಟ್ಟಿನಷ್ಟು. ವೈಪರ್ ಹತ್ರ."

"ಎಂತದ್ರ ಹತ್ರ?"

"ಕಾರ್ ಮ್ಯಾಲೆ ಹಬ್ಬೈತೆ."

"ಕಾರ್ ಮ್ಯಾಲೆ ಸೋರೆ ಬೆಳ್ದವ್ನಂತೆ!" ಎಂದು ಅವಳು ಕೊಂಡಪ್ಪನ ಕಡೆ ತಿರುಗಿದಳು. ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ. "ಅದಕ್ಕೊಂದು ಕೆಂಪು ದಾರ ಕಟ್ಟು. ಯಾರೂ ಮುಟ್ಕೂಡ್ದು. ನೀನಂತೂ ದಿನಾ ಹೋಗಿ ಹಿಸುಕ್ಬ್ಯಾಡ. ದೀಪಾವಳಿ ತಂಕ ಸುಮ್ನಿರೋಕಾಗ್ತದಾ?"

"ಆಗ್ತದೆ."

"ನಿನ್ ಕೈಲಾ!" ಎಂದಳು. ಆಮೇಲೆ ಅವನ ಹಿಂದೆ ನಿಂತಿದ್ದ ಹುಡುಗಿಯರ ಸೈಕಲ್ಲನ್ನು, ಬೆವರಿಗೆ ಬೆನ್ನಿಗೆ ಅಂಟಿದ ಅಂಗಿಯನ್ನು ನೋಡಿದಳು. "ಅಷ್ಟು ದೂರದಿಂದ ಇದ್ರ ಮ್ಯಾಲೆ ಬಂದ್ಯಾ?"

ಮುನಿರಾಜ ತಲೆಯಾಡಿಸಿದ. "ಅವ್ವ, ಅವತ್ತು ಅವ್ರು ಫೋನ್ ಮಾಡಿ ಕೇಳ್ದಾಗ ನಾನು..."

ಅಮ್ಮಯಮ್ಮ ಕೇಳಿಸಿಕೊಳ್ಳದವಳಂತೆ ಕಾಯಿಯನ್ನು ಕಂಕುಳಿಗೆ ಸೇರಿಸಿಕೊಂಡಳು. ಟವಲನ್ನು ಮಡಿಸಿ, ಹಾಲಿನ ಕ್ಯಾನಿನ ಬಾಯಿಗೆ ಹೊದಿಸಿ, ಮುಚ್ಚಳ ಒತ್ತಿ, ಕ್ಯಾನನ್ನು ಚಪ್ಪಡಿಯ ಮೇಲಿಟ್ಟಳು.

"ಅಮ್ಮಯಮ್ಮ, ಡೈರಿಗೆ?" ಎಂದ ಕೊಂಡಪ್ಪ, ಕುರ್ಚಿಯಿಂದ ಅರ್ಧ ಎದ್ದು.

"ಇವತ್ತು ಹಾಕಲ್ಲ. ಹದ್ನಾಕು ದಿನ ಅವ್ರು ಬ್ಯಾಡ ಅಂದ್ರು. ಒಂದಿನ ನಾನು ಬ್ಯಾಡ ಅಂದ್ರೆ ಏನಾದದು?" ಎಂದಳು ಸಾಲಿಗೆಲ್ಲ ಕೇಳುವಂತೆ. ಮಗನ ಕಡೆ ನೋಡದೆಯೇ ಹೇಳಿದಳು: "ಬಿಸ್ಲೇರೋದ್ರೊಳ್ಗೆ ಮನೆ ಸೇರು, ಹಾಲು ಒಡ್ದೋದದು. ಮುಚ್ಚಳ ಸಡ್ಲ ಐತೆ, ಚೆಲ್ಲೀಯ. ಕ್ಯಾನು ವಾಪಸ್ ತಂದ್ಕೊಡು. ಬರೀ ಕ್ಯಾನು ತರ್ಬ್ಯಾಡ."

ಅವಳು ಹಸಿ ಸೋರೆಕಾಯಿಯನ್ನು ಮಗುವಿನ ಹಾಗೆ ಹಿಡಿದುಕೊಂಡು ಮನೆಯ ದಾರಿ ಹಿಡಿದಳು. ಅವಳು ಬಿಟ್ಟುಹೋದ ಮೊದಲ ಸುತ್ತಿಗೆ ಯಾರೂ ಮುಂದೆ ಬಂದು ನಿಲ್ಲಲಿಲ್ಲ.

ಕ್ಯಾನು ಬುಟ್ಟಿಯಲ್ಲಿ ಸರಿಯಾಗಿ ಕೂತಿತು. ಇನ್ನೂ ಬೆಚ್ಚಗಿತ್ತು. ಹೊತ್ತು ಏರುತ್ತಿತ್ತು, ಬೇಗ ಹೋಗಬೇಕು. ಬೇಗ ಹೋದರೆ ಹಾಲು ಚೆಲ್ಲುತ್ತದೆ. ಮುನಿರಾಜ ನಿಧಾನವಾಗಿ ತುಳಿದ. ಹಿಂದಿನಿಂದ ಬಂದ ಬೈಕುಗಳು, ಬಹಳ ದಿನದ ಮೇಲೆ ಏರ್‌ಪೋರ್ಟಿನ ಕಡೆ ಹೊರಟ ಒಂದೆರಡು ಹಳದಿ ಬೋರ್ಡಿನ ಕಾರುಗಳು ಅವನನ್ನು ದಾಟಿ ಹೋದವು. ಬೂದಿಗೆರೆ ಸಿಗುವ ಮೊದಲು ಒಂದು ರಸ್ತೆಯುಬ್ಬು ಬಂತು. ಅವನು ಸೈಕಲ್ಲಿನಿಂದ ಇಳಿದ. ಒಂದು ಕೈಯಲ್ಲಿ ಹ್ಯಾಂಡಲ್ಲು ಹಿಡಿದು, ಇನ್ನೊಂದು ಕೈಯಿಂದ ಕ್ಯಾನಿನ ಮುಚ್ಚಳ ಒತ್ತಿಕೊಂಡು, ಮುಂದಿನ ಚಕ್ರವನ್ನು ಹತ್ತಿಸಿದ, ಮೆಲ್ಲಗೆ ಇಳಿಸಿದ, ಆಮೇಲೆ ಹಿಂದಿನ ಚಕ್ರವನ್ನು ಹತ್ತಿಸಿದ.