ಕೆಂಪಿಗೊಂದು ಗಂಟು, ಹಸಿರಿಗೆರಡು

ತಿಥಿಗೆ ತಂದ ಬಾಡಿಗೆ ಕುರ್ಚಿಗಳು ವಾಪಸು ಹೋದ ಮರುದಿನ ಬೆಳಿಗ್ಗೆ ಮನೆಯಲ್ಲಿ ಎಲ್ಲೆಂದರಲ್ಲಿ ಜಾಗವಿತ್ತು. ಅವಳು ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಕತ್ತರಿ ಹಿಡಿದು ಕೂತಿದ್ದಳು. ಮುಂದೆ ಅಂಗೈಯಗಲದ ಪೆಟ್ಟಿಗೆ, ಪಕ್ಕದಲ್ಲಿ ನಾಲ್ಕು ಬಣ್ಣದ ತಂತಿಗಳು.

ಅದು ಹೃದಯದಂತೆ ನಟಿಸುವ ಪೆಟ್ಟಿಗೆ. ಇಸಿಜಿ ಯಂತ್ರ ಸರಿಯಿದೆಯೇ ಎಂದು ನೋಡಲು ರೋಗಿಯ ಬದಲು ಇದಕ್ಕೆ ತಂತಿ ಸಿಕ್ಕಿಸುತ್ತಾರೆ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಅವಳ ಗಂಡ ಇದನ್ನು ಕಾಲೇಜಿನ ಲ್ಯಾಬ್ ಮೇಷ್ಟರಿಂದ ಎರವಲು ತಂದಿದ್ದ. ಹಿಂದಿರುಗಿಸುವ ಮೊದಲೇ ಬೈಕು ಜಾರಿತು.

ಅವನಿಗೆ ಕೆಂಪೂ ಹಸಿರೂ ಒಂದೇ. ಗೊತ್ತಾದರೆ ಕೆಲಸಕ್ಕೇ ಕುತ್ತು. ಅವಳಿಗೂ ಅತ್ತೆಗೂ ಬಿಟ್ಟು ಮೂರನೆಯವರಿಗೆ ಬಾಯಿ ಬಿಟ್ಟಿರಲಿಲ್ಲ. ಕೆಲಸ ಮುಗಿಸಿ ಬಂದು ಊಟದ ಮೇಜಿನ ಮೇಲೆ ತಂತಿ ಹರಡುತ್ತಿದ್ದ.

“ಲೇ, ಇದ್ಯಾವುದು?”

“ಕೆಂಪು.”

“ಇದು?”

“ಹಸಿರು. ಮೆಣಸಿನಕಾಯಿ ಆರಿಸೋಕೆ ನಿಮ್ಮನ್ನ ಕಳಿಸಲ್ಲ ಬಿಡಿ.”

ಬಣ್ಣ ಹೇಳುತ್ತ ಹೇಳುತ್ತ, ಆ ತಂತಿ ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಕೇಳತೊಡಗಿದಳು. ಭೌತಶಾಸ್ತ್ರದ ಪದವಿ ಮುಗಿಯುವ ಹೊತ್ತಿಗೆ ಅವನಿಗಿಂತ ಮುಂದೆ ಹೋಗಿದ್ದಳು. ಪರೀಕ್ಷೆ ಬರೆದಳು, ಆ ಮೇಷ್ಟರ ಕಾಲೇಜಿನಲ್ಲೇ ಬಯೋಮೆಡಿಕಲ್ ಎಂಜಿನಿಯರಿಂಗಿಗೆ ಸೀಟು ಸಿಕ್ಕಿತು. ಸೇರಲು ಇಂದೇ ಕೊನೆಯ ದಿನ. ಸೀಟು ಬೇಡವೆಂಬ ನಾಲ್ಕು ಸಾಲಿನ ಕಾಗದ ಚೀಲದಲ್ಲಿತ್ತು.

ಕೆಂಪು ತಂತಿಯ ಬುಡದಲ್ಲಿ ದಾರದ ಒಂದು ಗಂಟು, ಹಸಿರಿಗೆ ಎರಡು. ತಡವಿ ಗುರುತಿಸಲು ಅವನೇ ಕಟ್ಟಿಕೊಂಡಿದ್ದಿರಬೇಕು. ಸತ್ತ ಮೇಲೆ ಅವನ ಗುಟ್ಟು ರಟ್ಟಾಗುವುದು ಬೇಡ ಎಂದು ಕತ್ತರಿಸಿ ತೆಗೆದಳು.

“ತಿಂಡಿ ತಿಂದು ಹೋಗಮ್ಮ,” ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು. “ಖಾಲಿ ಹೊಟ್ಟೇಲಿ ದುಃಖಾನೂ ಅರಗಲ್ಲ. ಆ ಕಾಗದ ಕೊಡಲೇಬೇಕಾ?”

“ಬಣ್ಣ ಕೇಳೋರೇ ಇಲ್ಲ, ಅತ್ತೆ.”

ಅತ್ತೆ ತಟ್ಟೆಗೆ ತಿಂಡಿ ಬಡಿಸಿದರು.

ಲ್ಯಾಬಿನಲ್ಲಿ ಮೇಷ್ಟರು ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. “ಸಿಕ್ಕಿಸಿ ತೋರಿಸಮ್ಮ,” ಎಂದರು. ತಂದವರೇ ನಡೆಸಿ ತೋರಿಸದೆ ಯಾವ ಯಂತ್ರವೂ ಅಲ್ಲಿ ಕಪಾಟು ಸೇರುವಂತಿರಲಿಲ್ಲ.

ಸಿಕ್ಕಿಸಿದಳು. ಪರದೆಯ ಮೇಲೆ ಅಲೆ ನೆಟ್ಟಗೆ ಎದ್ದಿತು. ಮೇಷ್ಟರು ಅಲೆ ಬಿಟ್ಟು ತಂತಿಯನ್ನೇ ಸವರುತ್ತಿದ್ದರು.

“ಗಂಟೆಲ್ಲಿ?”

“ತೆಗೆದೆ.”

“ತೆಗಿ ಅಂದೋರ್ಯಾರು? ಕಟ್ಟಿದ್ದು ನಾನು!”

ಅವಳು ಸ್ಟೂಲು ಎಳೆದು ಕೂತಳು. “ನಿಮಗೆ ಗೊತ್ತಿತ್ತಾ?”

“ಎರವಲು ಕೇಳಿ ಬಂದ ಮೊದಲನೇ ದಿನವೇ ಕೆಂಪು ಹಸಿರು ಅದಲುಬದಲು ಸಿಕ್ಕಿಸಿದ. ಅಲೆ ತಲೆಕೆಳಗಾಗಿ ನಿಂತಿತು. ‘ನಿಮ್ಮ ಯಂತ್ರಕ್ಕೆ ಹುಚ್ಚು ಹಿಡಿದಿದೆ ಸಾರ್’ ಅಂದ, ಭೂಪ! ಸುಮ್ಮನೆ ದಾರ ಕಟ್ಟಿ ಕೊಟ್ಟೆ. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.” ಮೇಷ್ಟರು ಖಾನೆಯಲ್ಲಿ ತಡಕಾಡಿದರು. “ವರ್ಷಕ್ಕೊಬ್ಬನಾದರೂ ಇಂಥವನು ಓದೋಕೆ ಬರ್ತಾನೆ. ಬಾಯಿಬಿಡಲ್ಲ. ಮುಟ್ಟಿ ನೋಡಿ ಸಿಕ್ಕಿಸ್ತಾನೆ. ತಗೊಂಡ ಹಾಗೇ ವಾಪಸು ಬರಬೇಕಮ್ಮ.”

ದಾರದ ಉಂಡೆಯನ್ನು ಅವಳ ಮುಂದಿಟ್ಟರು.

ಕೆಂಪಿಗೆ ಒಂದು ಕಟ್ಟಿದಳು. ಹಸಿರಿನ ಎರಡನೆಯ ಗಂಟು ಜಾರಿತು.  ಬಿಚ್ಚಿ, ಮತ್ತೆ ಕಟ್ಟಿದಳು.

ಚೀಲದಿಂದ ಇಣುಕುತ್ತಿದ್ದ ಕಾಗದ ಮೇಷ್ಟರ ಕಣ್ಣಿಗೆ ಬಿತ್ತು. “ಅದು ಆಫೀಸಿಗಾ? ಮೂರಕ್ಕೆ ಮುಚ್ತಾರೆ.”

ಅವಳು ಕಾಗದವನ್ನು ಒಳಗೆ ತಳ್ಳಿದಳು. “ಸೇರೋಕೆ ಏನೇನು ತರಬೇಕು ಸಾರ್?”

“ಅಂಕಪಟ್ಟಿ, ಎರಡು ಫೋಟೊ.”

“ಮನೇಲಿದೆ.”

“ಮತ್ತೆ ಇಲ್ಲೇನು ಕೂತಿದೀಯ? ಓಡು!”

“ತಾಳಿ ಸಾರ್.”

ಕೆಂಪು, ಹಸಿರು ತಂತಿಗಳನ್ನು ಕಳಚಿದಳು. ಕಣ್ಣು ಮುಚ್ಚಿ ಗಂಟು ತಡವಿದಳು: ಒಂದು, ಆಮೇಲೆ ಎರಡು. ಹಾಗೇ ಸಿಕ್ಕಿಸಿದಳು. ಕಣ್ಣು ತೆರೆದಾಗ ಅಲೆ ನೆಟ್ಟಗಿತ್ತು. ಸ್ವಿಚ್ ಆರಿಸಿ, ತಂತಿ ಸುತ್ತಿ, ಪೆಟ್ಟಿಗೆಯನ್ನು ಮೇಷ್ಟರ ಕೈಗಿಟ್ಟಳು.