ಕರಿ ಮೂರು

ಪುಷ್ಪಲತಾಳ ದನಿ ಅವಳನ್ನು ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಗಂಟಲಿನ ಗಂಟು ತೆಗೆದ ಡಾಕ್ಟರು, ಮಾತಿಗೇನೂ ತೊಂದರೆಯಿಲ್ಲ ಎಂದಿದ್ದರು. ಸುಳ್ಳಲ್ಲ ಬಿಡಿ, ಗಂಡನನ್ನು ಗದರಿಸುವುದಕ್ಕೆ, ಸೊಪ್ಪು ಮಾರುವವಳ ಜೊತೆ ಚೌಕಾಸಿ ಮಾಡುವುದಕ್ಕೆ ಉಳಿದದ್ದು ಧಾರಾಳವಾಗಿ ಸಾಲುತ್ತಿತ್ತು. ಆದರೆ ಹಾಡಲು ಬಾಯಿ ತೆರೆದರೆ, ಮೇಲಿನ ಸ್ವರ ಇರಬೇಕಾದ ಜಾಗದಲ್ಲಿ ಬರೀ ಗಾಳಿ ಬರುತ್ತಿತ್ತು.

ಹಾಡುವವರ ಶ್ರುತಿಯನ್ನು ಈ ಕಡೆ ಹಾರ್ಮೋನಿಯಂ ಮನೆಗಳಿಂದ, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳಿಂದ, ಹೇಳುತ್ತಾರೆ. ಬಿಳಿ ಮನೆಯಾದರೆ ಬಿಳಿ ಒಂದು, ಬಿಳಿ ಎರಡು. ಕರಿ ಮನೆಯಾದರೆ ಕರಿ ಒಂದು, ಕರಿ ಎರಡು. ಪುಷ್ಪಲತಾಳದು ಕರಿ ಐದು, ಅಂದರೆ ಬಲು ಎತ್ತರ. ಕೊಟ್ಟೂರಿನ 'ಕ್ರಾಂತಿ ಮೆಲೊಡೀಸ್' ಆರ್ಕೆಸ್ಟ್ರಾದಲ್ಲಿ ಅವಳು ಮೈಕ್ ಹಿಡಿದ ಕಾಲಕ್ಕೆ ಹಡಗಲಿಯಿಂದ ಹರಪನಹಳ್ಳಿಯವರೆಗೆ 'ಕರಿ ಐದರ ಪುಷ್ಪಕ್ಕ' ಎಂದೇ ಹೆಸರು. ಆ ಆರ್ಕೆಸ್ಟ್ರಾದ ಒಡೆಯ, ಗಾಯಕ, ಕಡೆಗೆ ಅವಳ ಗಂಡ, ಎಲ್ಲವೂ ಕ್ರಾಂತಿಕುಮಾರನೇ. ತಬಲಾದವನು ಮೊಬೈಲ್ ಅಂಗಡಿ ಹಾಕಿದ, ಕೀಬೋರ್ಡಿನವನು ಇನ್ಶೂರೆನ್ಸ್ ಏಜೆಂಟನಾದ. ಆರ್ಕೆಸ್ಟ್ರಾ ಕರಗಿ ಕರಗಿ ಎರಡು ಸ್ಪೀಕರು, ಒಂದು ಲ್ಯಾಪ್‌ಟಾಪು, ಇಬ್ಬರು ಗಂಡ ಹೆಂಡತಿ ಉಳಿದರು. ಲ್ಯಾಪ್‌ಟಾಪು ವಾದ್ಯ ನುಡಿಸುತ್ತಿತ್ತು, ಇವರು ಹಾಡುತ್ತಿದ್ದರು, ಊಟವಾದ ಮೇಲೆ ಹುಡುಗರು ಕುಣಿಯಲೆಂದು ಡಿಜೆ ಹಾಕುತ್ತಿದ್ದರು. ಆಮೇಲೆ ಅವಳ ಗಂಟಲು ಹೋಯಿತು.

ಅಂದಿನಿಂದ ಅವಳಿಗೆ ಒಂದೇ ಕನಸು. ದೊಡ್ಡ ಪೆಂಡಾಲು. ವೇದಿಕೆಯ ಮೇಲೆ ಅವಳು ನಿಂತಿದ್ದಾಳೆ. ಬಾಯಿ ತೆರೆಯುತ್ತಾಳೆ. ಹಾಡು ಬರುತ್ತದೆ, ಆದರೆ ಅವಳ ಬಾಯಿಂದಲ್ಲ. ತುಸು ತಡವಾಗಿ, ಪೆಂಡಾಲಿನ ಕೊನೆಯಲ್ಲಿ ಬೆನ್ನು ಮಾಡಿ ಕೂತ ಯಾರೋ ಹೆಂಗಸಿನಿಂದ ಬರುತ್ತದೆ. ಉಟ್ಟದ್ದು ಮಾತ್ರ ಇವಳದೇ ಹಳೆಯ ನೀಲಿ ಸೀರೆ. ಆ ಹೆಂಗಸು ಒಂದು ದಿನವೂ ತಿರುಗಿ ನೋಡಿದ್ದಿಲ್ಲ. ಎಚ್ಚರವಾದ ಮೇಲೂ ಆ ದನಿ ಪುಷ್ಪಲತಾಳ ಕಿವಿಯಲ್ಲಿ ಮಧ್ಯಾಹ್ನದವರೆಗೆ ಸುಳಿದಾಡುತ್ತಿತ್ತು. ಕ್ರಾಂತಿಕುಮಾರ ಹೊರಗೆ ಹೋದ ಮೇಲೆ ರೊಟ್ಟಿ ಬಡಿಯುತ್ತ ಅವಳು ಅದರ ಬೆನ್ನು ಹಿಡಿದು ಮೆಲ್ಲಗೆ ಗುನುಗುತ್ತಿದ್ದಳು. ಅವನಿದ್ದರೆ ಬಾಯಿಗೆ ಬೀಗ. ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಲೇಸು ಎಂದುಕೊಂಡಿದ್ದಳು.

ಈಗ ಆ ಲ್ಯಾಪ್‌ಟಾಪೂ ಕೈಕೊಟ್ಟಿತ್ತು. ತಂಬ್ರಹಳ್ಳಿಯ ಒಂದು ತೊಟ್ಟಿಲ ಕಾರ್ಯದಲ್ಲಿ ಹಾಡಿನ ನಡುವೆಯೇ ಕಲ್ಲಾಗಿ ಕೂತುಬಿಟ್ಟಿತು. ಹಾಡು ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು, ಕ್ರಾಂತಿಕುಮಾರ ಕೈಮುಗಿದು ಇಳಿದು ಬಂದ. ಮಾನ ಉಳಿಯಿತು, ಲ್ಯಾಪ್‌ಟಾಪು ಉಳಿಯಲಿಲ್ಲ. ಮೂರನೆಯ ದಿನಕ್ಕೆ ಹಲವಾಗಲಿನಿಂದ ಶಿವಯೋಗಪ್ಪನವರ ಫೋನು. ಇಪ್ಪತ್ತೆರಡು ವರ್ಷದ ಹಿಂದೆ ಅವರ ಮದುವೆಯಲ್ಲಿ ಈ ಜೋಡಿ ಹಾಡಿತ್ತು. ಬರುವ ಭಾನುವಾರ ಅವರ ಮಗಳ ಆರತಕ್ಷತೆ.

"ಅದೇ ಜೋಡಿ, ಅದೇ ದೋಣಿ ಹಾಡು ಆಗಬೇಕು ನೋಡ್ರಿ," ಎಂದರು ಶಿವಯೋಗಪ್ಪ.

"ಬರ್ತೀವ್ರಿ," ಎಂದ ಕ್ರಾಂತಿಕುಮಾರ.

ಬರ್ತೀವಿ. ಆ 'ವಿ' ಯಾರು? ಪುಷ್ಪಲತಾ ಒಲೆಯ ಮುಂದೆ ನಿಂತು ಅದನ್ನೇ ಮನಸ್ಸಿನಲ್ಲಿ ಹೊರಳಿಸಿದಳು. ಹರಪನಹಳ್ಳಿಯಲ್ಲಿ ಅರ್ಚನಾ ಎಂಬ ಹುಡುಗಿ ಇದ್ದಾಳೆ, ಮದುವೆ ಮುಂಜಿಗಳಲ್ಲಿ ಹಾಡುತ್ತಾಳೆ, ಅವಳ ಶ್ರುತಿಯೂ ಕರಿ ಐದು. ಅವಳ ನಂಬರಿಗೆ ಗಂಡ ಎರಡು ಸಲ ಫೋನು ಮಾಡಿದ್ದು ಇವಳ ಕಣ್ಣಿಗೆ ಬಿದ್ದಿದೆ. ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ? ದೋಣಿ ಹಾಡನ್ನು ಅವನ ಪಕ್ಕ ನಿಂತು ಬೇರೆಯವಳು ಹಾಡಿದ ಮೇಲೆ ತನಗೆ ಗುನುಗುವುದಕ್ಕೂ ಏನೂ ಉಳಿಯುವುದಿಲ್ಲ ಎನಿಸಿತು ಅವಳಿಗೆ.

"ಇಲ್ಲೇ ಬೊಮ್ಮನಹಳ್ಳಿಗೆ ಹೋಗೂಣು ನಡಿ. ಮಜೀದ್ ಸಾಬ್ರ ಅಂಗಡ್ಯಾಗ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಬಂದಾವಂತ," ಎಂದ ಗಂಡ.

"ನಾ ಯಾಕ್ರಿ? ನನಗ ಅದರ ಗಂಧಗಾಳಿ ಗೊತ್ತಿಲ್ಲ."

"ನಿನ್ನ ಕಿವಿ ಬೇಕು."

ಕಿವಿ ಬೇಕಂತೆ, ಬಾಯಿಯಲ್ಲ. ಅವಳು ಸೀರೆ ಬದಲಿಸಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಮೆಕ್ಕೆಜೋಳದ ಹೊಲಗಳು ಒಂದರ ಹಿಂದೊಂದು ಹಾದುಹೋದವು. ಬಿಸಿಲಿಗೆ ರಸ್ತೆ ದೂರದಲ್ಲಿ ನೀರು ನಿಂತಂತೆ ಕಾಣುತ್ತಿತ್ತು, ಹತ್ತಿರ ಹೋದರೆ ಮುಂದಕ್ಕೆ ಸರಿಯುತ್ತಿತ್ತು. ಕಿಟಕಿಯ ಗಾಜು ಒಂದೇ ಸಮನೆ ಗುಂಯ್ಗುಡುತ್ತಿತ್ತು, ತಂಬೂರಿಗೇನೂ ಕಡಿಮೆಯಿಲ್ಲ. ಕಣ್ಣು ಅರೆ ಮುಚ್ಚಿದಾಗ ಆ ನೀರಿನ ಮೇಲೆ ದೋಣಿಯೊಂದು ಬಂತು, ದೋಣಿಯಲ್ಲಿ ನೀಲಿ ಸೀರೆಯವಳು ಬೆನ್ನು ಮಾಡಿ ಕೂತಿದ್ದಳು. ತಾನು ಗುನುಗುತ್ತಿದ್ದೇನೆಂಬುದೇ ಪುಷ್ಪಲತಾಳಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕ್ರಾಂತಿಕುಮಾರ ನಿದ್ದೆ ಹೋದವನ ಹಾಗೆ ಕಣ್ಣು ಮುಚ್ಚಿದ್ದ. ಅವನ ಬೆರಳು ಮಾತ್ರ ಮುಂದಿನ ಸೀಟಿನ ಸರಳಿನ ಮೇಲೆ ತಾಳ ಹಾಕುತ್ತಿತ್ತು.

ಅಬ್ದುಲ್ ಮಜೀದರು ಒಂದು ಕಾಲಕ್ಕೆ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿಗೆ ಹೆಸರಾದವರು. ಈಗ ಕಿವಿ ಸ್ವಲ್ಪ ಮಂದ. ಲ್ಯಾಪ್‌ಟಾಪಿನ ಕೆಲಸವೆಲ್ಲ ಮಗಳು ಗೌಸಿಯಾಳದು. ಮೂವತ್ತರ ಹೆಂಗಸು, ಸ್ಕ್ರೂ ಡ್ರೈವರು ಹಿಡಿದರೆ ತಲೆ ಎತ್ತುವವಳಲ್ಲ. ಅಂಗಡಿಯಲ್ಲಿ ಬೆಸುಗೆಯ ಬಿಸಿ ಸೀಸದ ವಾಸನೆ, ಅರ್ಧ ಬಿಚ್ಚಿಟ್ಟ ಯಂತ್ರಗಳು, ಗೋಡೆಗೆ ಆನಿಸಿದ ಒಂದು ಸ್ಪೀಕರು.

"ನೋಡಮ್ಮ, ಇಪ್ಪತ್ತು ಸಾವಿರದೊಳಗ ಬೇಕು. ಮೈಕೂ ಅದಕ್ಕೇ ಹಚ್ಚತೀನಿ. ಮುಖ್ಯ ಅಂದ್ರ, ನನಗ ಕರಿ ಮೂರು ಬೇಕು," ಎಂದ ಕ್ರಾಂತಿಕುಮಾರ.

ಗೌಸಿಯಾ ತಲೆ ಎತ್ತುವ ಮೊದಲೇ ಮಜೀದರು ಒಳಗೆ ಹೋಗಿ, ಎದೆಗವಚಿಕೊಂಡು ಮೂರು ಲ್ಯಾಪ್‌ಟಾಪು ತಂದು ಗಲ್ಲಾದ ಮೇಲಿಟ್ಟರು. ಮೂರೂ ಕಪ್ಪು.

"ಕರೇವು ಮೂರು. ಒಮ್ಮಿಗೇ ಮೂರು ಒಯ್ದ್ರ ಬ್ಯಾಗು ಪುಕ್ಕಟೆ ಕೊಡ್ತೀನ್ರಿ," ಎಂದರು ಹಿಗ್ಗಿನಿಂದ.

ಪುಷ್ಪಲತಾ ನಕ್ಕಳು. ಎಷ್ಟೋ ದಿನಕ್ಕೆ ಬಾಯ್ತುಂಬ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕರಿ ಮೂರು ಯಾರದು? ಅರ್ಚನಾಳದು ಕರಿ ಐದು. ದೋಣಿ ಹಾಡು ಇರುವುದೂ ಕರಿ ಐದಕ್ಕೇ. ಅದನ್ನು, ಬಿಳಿ ಕರಿ ಎರಡೂ ಎಣಿಸಿದರೆ, ನಾಲ್ಕು ಮನೆ ಇಳಿಸಿ ಕರಿ ಮೂರಕ್ಕೆ ತಂದರೆ ಸಲ್ಲುವ ದನಿ, ಈ ಐದು ತಾಲೂಕಿನಲ್ಲಿ ಅವಳಿಗೆ ಗೊತ್ತಿರುವಂತೆ, ಒಂದೇ. ಅದು ರೊಟ್ಟಿ ಬಡಿಯುವಾಗ ಗುನುಗುವ ದನಿ.

"ಕರಿ ಮೂರು ಅಂತ ನಿಮಗ ಯಾರು ಹೇಳಿದ್ರು?" ಎಂದಳು.

ಕ್ರಾಂತಿಕುಮಾರ ಲ್ಯಾಪ್‌ಟಾಪಿನ ಮೇಲಿನ ಧೂಳು ಒರೆಸಿದ. "ಯಾರು ಹೇಳ್ತಾರ? ಹೊರಗ ಹೋಗ್ತೀನಂತ ಚಪ್ಪಲಿ ಸಪ್ಪಳ ಮಾಡಿ ಹಿತ್ತಲಾಗ ಕುಂದರ್ತಿದ್ದೆ. ಮೊಬೈಲಿನ್ಯಾಗ ಹಾರ್ಮೋನಿಯಂ ಐತಲ್ಲ, ಅದರಾಗ ಹುಡುಕಿದೆ. ಶ್ರುತಿ ಇಳಿಸೋದು ಹೆಂಗಂತ ಅರ್ಚನಾಗ ಫೋನ್ ಮಾಡಿ ಕೇಳಿದೆ. ನಮ್ಮ ಹಳೇದರಾಗ ಆಗಲಿಲ್ಲ."

ಎರಡು ವರ್ಷ. ಅವಳು ಬಚ್ಚಿಟ್ಟುಕೊಂಡದ್ದನ್ನು ಇವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದ್ದಾನೆ. ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅದರ ಹಿಂದೆಯೇ ಅಳುವೂ ಬಂತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸೆಕೆ ಎಂದಳು.

ವಿಷಯ ತಿಳಿದ ಗೌಸಿಯಾ ಹಾಡಿನ ಪೆನ್‌ಡ್ರೈವ್ ಕೇಳಿ ಇಸಿದುಕೊಂಡಳು. "ಶ್ರುತಿ ಇಳಿಸೋದಂದ್ರ ಇಡೀ ಹಾಡು ಬಿಚ್ಚಿ ಮತ್ತ ಹೊಲಿದಂಗ ಅಣ್ಣಾ. ಬಡಪಾಯಿ ಲ್ಯಾಪ್‌ಟಾಪಿಗೆ ಆಗೂದಿಲ್ಲ. ನೋಡೂಣು."

ಮೊದಲನೆಯದು ತೆಳ್ಳಗೆ, ಚೆಂದ. ದೋಣಿ ಹಾಡಿನ ಕೊಳಲು ನಾಲ್ಕು ಮನೆ ಇಳಿದ ಕೂಡಲೇ ಕರಕರ ಎಂದಿತು, ಹುರಿಗಡಲೆ ಅಗಿದ ಹಾಗೆ. ಎರಡನೆಯದರಲ್ಲಿ ಕೊಳಲು ಸರಿಯಾಗಿಯೇ ಬಂತು. ಕ್ರಾಂತಿಕುಮಾರ ಮೈಕನ್ನು ಹೆಂಡತಿಯ ಕೈಗೆ ಕೊಟ್ಟ.

"ಹಲೋ," ಎಂದಳು ಪುಷ್ಪಲತಾ.

ಅವಳು ಬಾಯಿ ಮುಚ್ಚಿದ ಮೇಲೆ, ಗೋಡೆಯ ಮೂಲೆಯಿಂದ ಯಾರೋ "ಹಲೋ" ಎಂದರು. ತುಸು ತಡವಾಗಿ, ದೂರದಿಂದ. ಕನಸಿನಲ್ಲಿ ಬರುವುದು ಇದೇ ತಡ, ಇದೇ ದೂರ.

"ಈಕಿ ಬ್ಯಾಡ," ಎಂದುಬಿಟ್ಟಳು.

"ಹೌದ್ರಿ ಅಕ್ಕಾ, ಇದರಾಗ ದನಿ ಹಿಂದ ಬೀಳ್ತೈತಿ," ಎಂದು ಗೌಸಿಯಾ ಲ್ಯಾಪ್‌ಟಾಪು ಮುಚ್ಚಿದಳು. ಈಕೆ ಯಾರೆಂದು ಅವಳು ಕೇಳಲಿಲ್ಲ.

ಮೂರನೆಯದು ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು. ದಪ್ಪ, ಭಾರ, ಎರಡು ಕೀಲಿಯ ಅಕ್ಷರ ಸವೆದಿವೆ. "ನೋಡಾಕ ಚಂದಿಲ್ಲ," ಎಂದಳು ಗೌಸಿಯಾ, "ಆದ್ರ ಎಂಟು ಜಿಬಿ ರ್‍ಯಾಮ್ ಐತಿ, ಎಸ್‌ಎಸ್‌ಡಿ ನಾನ ಹಾಕೀನಿ. ಚಾರ್ಜರ್ ಹಾಕಿದ್ರ ಸ್ಪೀಕರ್ ಗುಂಯ್ ಅಂತೈತಿ. ಹಾಡೋವಾಗ ತೆಗೀರಿ, ಎರಡು ತಾಸು ಬರ್ತೈತಿ." ಚಾರ್ಜರು ಕಿತ್ತಳು. ಅಂಗಡಿ ಒಮ್ಮೆಲೇ ನಿಶ್ಶಬ್ದವಾಯಿತು. ಆ ನಿಶ್ಶಬ್ದದೊಳಗೆ ಕೊಳಲು ಬಂತು, ತೊಳೆದ ಹಾಗೆ ಸ್ವಚ್ಛ.

ಪುಷ್ಪಲತಾ ಹಲೋ ಎನ್ನಲಿಲ್ಲ. ಹಾಡಿನ ಮೊದಲ ಸಾಲೇ ಬಾಯಿಗೆ ಬಂತು. ಬಾಯಿ ತೆರೆದ ಗಳಿಗೆಯಲ್ಲೇ ದನಿ ಬಂತು, ಅವಳಿಂದಲೇ ಬಂತು. ಎರಡನೆಯ ಸಾಲೂ ಬಂತು. ಮೂರನೆಯ ಸಾಲಿನಲ್ಲಿ ಹಾಡು ಮೇಲೇರುತ್ತದೆ. ಅಲ್ಲಿ ಗಂಟಲು ಬಿಗಿದು ದನಿ ಗಾಳಿಯಾಯಿತು. ಅವಳು ನಿಲ್ಲಿಸಿದಳು. ವಾದ್ಯ ತನ್ನ ಪಾಡಿಗೆ ಮುಂದೆ ಹೋಯಿತು.

ಇದೂ ಬ್ಯಾಡ ಎಂದರೆ ಮುಗಿಯಿತು. ಗಂಡ ನಂಬುತ್ತಾನೆ, ತಪ್ಪು ಲ್ಯಾಪ್‌ಟಾಪಿನದಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ನೆನಪಾಗಿ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಎರಡು ವರ್ಷ ಸುಮ್ಮನಿದ್ದು ಸಾಕಾಗಿತ್ತು.

"ಕರಿ ಮೂರಲ್ರಿ," ಎಂದಳು. "ಅದು ಒಲಿ ಮುಂದ ಗುನುಗೋ ಶ್ರುತಿ. ಬಾಯಿ ಬಿಟ್ಟು ಹಾಡಾಕ ನಂದು ಈಗ ಬಿಳಿ ನಾಲ್ಕು. ಇನ್ನೊಂದು ಮನಿ ಇಳಸ್ರಿ."

"ಐದು ಮನಿ ಇಳಿತೈತಕ್ಕಾ," ಎಂದಳು ಗೌಸಿಯಾ. "ನಿಮ್ಮ ಸಾಲು ಸರಿ ಹೋದೀತು. ಅಣ್ಣಾರ ಸಾಲು ಪಾತಾಳಕ್ಕ ಹೋಗ್ತೈತಲ್ಲ?"

ಅದು ನಿಜ. ಜೋಡಿ ಹಾಡಿಗೆ ಶ್ರುತಿ ಒಂದೇ. ಅವಳಿಗಾಗಿ ಇಳಿಸಿದರೆ ಅವನ ದನಿ ನೆಲ ಮುಟ್ಟಬೇಕು. ಪುಷ್ಪಲತಾ ಗಂಡನ ಮುಖ ನೋಡಿದಳು.

"ಹಚ್ಚಮ್ಮ," ಎಂದ ಕ್ರಾಂತಿಕುಮಾರ. "ನಾ ಇಳಿದು ಬರ್ತೀನಿ."

ಲ್ಯಾಪ್‌ಟಾಪು ಬಿಸಿಯಾಗಿ ಫ್ಯಾನು ಸುಂಯ್ ಎಂದಿತು, ಆದರೆ ಕೊಳಲು ಅಲುಗಲಿಲ್ಲ. ಪುಷ್ಪಲತಾ ಕಣ್ಣು ಮುಚ್ಚಿ ಹಾಡಿದಳು. ಅಂಗಡಿ ಮಸುಕಾಗಿ ಪೆಂಡಾಲಾಯಿತು, ಪೆಂಡಾಲು ಬಿಸಿಲಿನ ನೀರಾಯಿತು. ದಪ್ಪನೆಯ, ಹೊಸ ದನಿ, ಅವಳಿಗೇ ಪರಿಚಯವಿಲ್ಲದ್ದು. ಮೂರನೆಯ ಸಾಲು ಎಲ್ಲೂ ಒಡೆಯದೆ ಮೇಲೇರಿ, ಅಲ್ಲಿ ನಿಂತು, ಇಳಿಯಿತು. ಪೆಂಡಾಲಿನ ಕೊನೆಯಲ್ಲಿ ಯಾರೂ ಕೂತಿರಲಿಲ್ಲ.

ಆಮೇಲೆ ಅವನ ಸಾಲು. ಕಣ್ಣು ತೆರೆದು ನೋಡಿದಳು. ಕ್ರಾಂತಿಕುಮಾರ ಕತ್ತು ಬಗ್ಗಿಸಿ ಸ್ವರ ಹುಡುಕುತ್ತ ಇಳಿದ, ಇನ್ನೂ ಇಳಿದ. ಕಡೆಯ ಸ್ವರ ಇರಬೇಕಾದ ಜಾಗದಲ್ಲಿ ಬರೀ ಗಾಳಿ ಬಂತು. ಮಜೀದರ ಮುಂದೆ, ಗೌಸಿಯಾಳ ಮುಂದೆ, ಮೂವತ್ತು ವರ್ಷದಿಂದ ಹಾಡುತ್ತ ಬಂದವನು ನಾಚಿಕೆಯಿಲ್ಲದೆ ಗಾಳಿಯನ್ನೇ ತಾಳಕ್ಕೆ ಸರಿಯಾಗಿ ಹಾಡಿ ಮುಗಿಸಿದ.

"ಭಾನುವಾರದೊಳಗ ಕಲೀತೀನಿ," ಎಂದ, ಬೆವರು ಒರೆಸಿಕೊಳ್ಳುತ್ತ.

ಮಜೀದರು ಉಳಿದೆರಡನ್ನು ಎದೆಗವಚಿಕೊಂಡು ಒಳಗೆ ನಡೆದರು. ಗೌಸಿಯಾ ದಪ್ಪನೆಯದನ್ನು ಪುಕ್ಕಟೆ ಬ್ಯಾಗಿನಲ್ಲೇ ಹಾಕಿದಳು. ಅಷ್ಟರಲ್ಲಿ ಕ್ರಾಂತಿಕುಮಾರನ ಕಿಸೆಯಲ್ಲಿ ಫೋನು ಗುನುಗಿತು. ಅವನ ಎರಡೂ ಕೈಯಲ್ಲಿ ವೈರು. ಪುಷ್ಪಲತಾ ತಾನೇ ತೆಗೆದು ನೋಡಿದಳು, ಹಲವಾಗಲಿನ ಶಿವಯೋಗಪ್ಪನವರು.

"ಭಾನುವಾರದ್ದು ಖಾತ್ರಿ ಐತಿಲ್ರಿ?" ಎಂದರು ಅವರು.

"ಬರ್ತೀವ್ರಿ," ಎಂದಳು ಪುಷ್ಪಲತಾ.