ರಾಣಿ ವಿಮಾನ ಹತ್ತಿದ ದಿನ

ನಾಟಕದ ಮೇಷ್ಟ್ರ ಫೋನ್ ಬಂದಾಗ ಅವಳು ಮಗಳ ಹಾಲಿನ ಬಾಟಲಿ ತೊಳೆಯುತ್ತಿದ್ದಳು. ವಿದೇಶದಲ್ಲಿ ನಾಟಕವಾಡಲು ತಂಡದ ಜೊತೆ ಅವಳೂ ಹೋಗಬೇಕಿತ್ತು. ವೀಸಾ ಕೂಡ ಆಗಿತ್ತು. ಹೊರಡುವ ದಿನವೇ ಮಗುವಿನ ಮೈ ಜ್ವರದಿಂದ ಕೆಂಡದಂತೆ ಸುಡತೊಡಗಿದ್ದರಿಂದ, ರಾಣಿಯ ಪಾತ್ರವನ್ನು ಗೆಳತಿಗೆ ಬಿಟ್ಟುಕೊಟ್ಟು ಮನೆಯಲ್ಲೇ ಉಳಿದಿದ್ದಳು.

“ನಿನ್ನ ಗೆಳತಿ ಗಂಟಲು ಕಟ್ಟಿಹೋಗಿದೆ ಕಣಮ್ಮಾ. ಉಸಿರು ಬರುತ್ತೆ, ಮಾತು ಬರಲ್ಲ. ಇವತ್ತು ಸಂಜೆ ಏಳಕ್ಕೆ ಶೋ. ಬರ್ತೀಯಾ?”

“ಇವತ್ತೇ? ಮೂರು ಸಾವಿರ ಕಿಲೋಮೀಟರ್ ದೂರ ಮೇಷ್ಟ್ರೇ! ಎರಡಕ್ಕೆ ವಿಮಾನ, ಐದು ಗಂಟೆ ದಾರಿ. ಇಳಿಯೋಷ್ಟರಲ್ಲೇ ಏಳಾಗುತ್ತೆ.”

ಮಗುವನ್ನು ಸೊಂಟಕ್ಕೇರಿಸಿಕೊಂಡಿದ್ದ ಗಂಡ ಕೂಗಿದ. “ಏಳಾಗೋದು ನಮ್ಮ ಗಡಿಯಾರದಲ್ಲಿ ಕಣೇ! ಅಲ್ಲಿ ಎರಡೂವರೆ ಗಂಟೆ ಹಿಂದೆ. ನೀನು ಇಳಿದಾಗ ಅವರಿಗಿನ್ನೂ ನಾಲ್ಕೂವರೆ!”

ಅವಳ ಕೈಯಿಂದ ಬಾಟಲಿ ಜಾರಿತು. ಅತ್ತೆ ಅದನ್ನು ಎತ್ತಿಕೊಂಡರು. “ಜ್ವರ ನಿನ್ನೆಯೇ ಬಿಟ್ಟಿದೆ. ಇವಳನ್ನ ನಾನು ನೋಡ್ಕೋತೀನಿ. ಕಂಬದ ಥರ ನಿಂತ್ಕೋಬೇಡ, ಹೊರಡು!”

ವಿಮಾನವೇನೋ ಸಮಯಕ್ಕೆ ಹಾರಿತು. ಆದರೆ ಎದುರುಗಾಳಿ ಜೋರಾಗಿದೆ, ತಲುಪುವುದು ಮುಕ್ಕಾಲು ಗಂಟೆ ತಡವಾಗುತ್ತದೆ ಎಂದು ಪೈಲಟ್ ಹೇಳಿದಾಗ ಅವಳು ಬೆರಳು ಮಡಿಚಿ ಲೆಕ್ಕ ಹಾಕಿದಳು: ಇಳಿಯುವಾಗ ಅಲ್ಲಿ ಐದೂಕಾಲು. ಮುಂದಿನ ಸೀಟಿನ ಪರದೆಯ ನಕ್ಷೆಯಲ್ಲಿ ಪುಟ್ಟ ವಿಮಾನ ನೀಲಿ ಸಮುದ್ರದ ನಡುವೆ ನಿಂತೇಬಿಟ್ಟಂತೆ ಕಾಣುತ್ತಿತ್ತು. ಅವಳು ಕಣ್ಣುಮುಚ್ಚಿ ರಾಣಿಯ ಮಾತುಗಳನ್ನು ಒಪ್ಪಿಸತೊಡಗಿದಳು.

“ಯಾರ ಹತ್ರ ಜಗಳ ಆಡ್ತಿದೀಯಮ್ಮಾ?” ಪಕ್ಕದ ಅಜ್ಜಿ ಕೇಳಿದರು.

“ರಾಜನ ಹತ್ರ ಅಜ್ಜಿ. ಸಂಜೆ ನಾಟಕ ಇದೆ.”

“ಒಬ್ಬಳೇ ಎಷ್ಟು ಜಗಳ ಆಡ್ತೀಯಾ? ಕೊಡು ಇಲ್ಲಿ.” ಅಜ್ಜಿ ಕನ್ನಡಕ ಏರಿಸಿ, ಅವಳ ಫೋನಿನಿಂದ ರಾಜನ ಮಾತು ಓದಿದರು. ಮೊದಮೊದಲು ತಡವರಿಸಿದವರು, ಬರಬರುತ್ತಾ ರಂಗೇರಿ, “ನನ್ನ ರಾಜ್ಯ ಬಿಟ್ಟು ತೊಲಗು!” ಎಂದು ಅಬ್ಬರಿಸಿದರು. ನಿದ್ದೆಯಲ್ಲಿದ್ದವರೆಲ್ಲ ಬೆಚ್ಚಿ ಎದ್ದರು. ಗಗನಸಖಿ ಓಡಿಬಂದಳು.

“ಏನೂ ಇಲ್ಲಮ್ಮಾ,” ಅಂದರು ಅಜ್ಜಿ, “ರಾಣೀನ ಗಡೀಪಾರು ಮಾಡ್ತಿದೀನಿ.”

ಆಮೇಲೆ ಹಿಂದಿನ ಸಾಲಿನ ದಂತವೈದ್ಯ ಮಂತ್ರಿಯಾದ. ಗಗನಸಖಿಯೂ ಟ್ರೇ ಹಿಡಿದೇ ದಾಸಿಯ ಒಂದೆರಡು ಮಾತು ಆಡಿದಳು. ಇಳಿಯುವ ಹೊತ್ತಿಗೆ ರಾಣಿಯ ನಾಲಿಗೆ ಚುರುಕಾಗಿತ್ತು, ಹೆದರಿಕೆ ಎಲ್ಲೋ ಮಾಯವಾಗಿತ್ತು. ಬಾಗಿಲ ಬಳಿ ಎಲ್ಲರೂ ಪಕ್ಕಕ್ಕೆ ಸರಿದರು. “ದಾರಿ ಬಿಡ್ರಪ್ಪಾ, ರಾಣಿ ಬರ್ತಿದಾರೆ!” ಎಂದು ದಂತವೈದ್ಯ ಕೂಗಿದ.

ನಿಲ್ದಾಣದಿಂದ ರಂಗಮಂದಿರಕ್ಕೆ ಕಾರು ಟ್ರಾಫಿಕ್ಕಿನಲ್ಲಿ ತೆವಳಿತು. ಅವಳು ಹಿಂದಿನ ಸೀಟಿನಲ್ಲೇ ಜಡೆ ಹೆಣೆದುಕೊಂಡಳು, ಕಾಡಿಗೆ ಹಚ್ಚಿಕೊಂಡಳು. ಹಿಂಬಾಗಿಲಲ್ಲಿ ಮೇಷ್ಟ್ರು ಉಡುಪು ಹಿಡಿದು ಕಾಯುತ್ತಿದ್ದರು. ಕೊನೆಯ ಗುಂಡಿ ಹಾಕುವಾಗ ಮೂರನೇ ಬೆಲ್ ಆಯಿತು, ಪರದೆ ಸರಿಯಿತು.

ಒಂದು ಮಾತೂ ತಪ್ಪಲಿಲ್ಲ. ಗಡೀಪಾರಿನ ದೃಶ್ಯದಲ್ಲಿ ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿತು.

ರಂಗದ ಮರೆಯಲ್ಲಿ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ಗೆಳತಿ ಎರಡೂ ಕೈ ಕೆಂಪಾಗುವಂತೆ ತಟ್ಟುತ್ತಿದ್ದಳು. ಅವಳು ಓಡಿಹೋಗಿ ಗೆಳತಿಯ ಕೈ ಹಿಡಿದು ದೀಪದ ಬೆಳಕಿಗೆ ಎಳೆದುತಂದಳು. ಇಬ್ಬರೂ ಒಟ್ಟಿಗೆ ಬಾಗಿದರು.